೨೫೦ ಅಂತ ಬರೆದರೆ ಡಬ್ಬಿ ಕೆಂಪಾಗೋದು ಯಾಕೆ?

ಶೆಟ್ಟಿಹಳ್ಳಿಯ ಒಂದು ದಿನಸಿ ಅಂಗಡಿಗೆ ನಾವು ನಾಲ್ಕು ಜನ ಸೇರಿ ಡಬ್ಲ್ಯೂಪಿಎಫ್‌ನಲ್ಲಿ ಸಾಲದ ಲೆಕ್ಕ ಇಡುವ ಸಣ್ಣ ತಂತ್ರಾಂಶ ಬರೆದುಕೊಟ್ಟೆವು. ಎರಡೇ ದಿನಕ್ಕೆ ಫೋನು: "ಏನ್ರಪ್ಪಾ, ದುಡ್ಡಿನ ಡಬ್ಬಿ ಕೆಂಪಾಗುತ್ತೆ. ಸೇವ್ ಒತ್ತಿದ್ರೆ ಹಳೇ ಮೊತ್ತಾನೇ ಉಳಿಯುತ್ತೆ!" ಹೋಗಿ ನೋಡಿದರೆ, ಅಣ್ಣ ಟೈಪ್ ಮಾಡಿದ್ದು ಕನ್ನಡದ ೨೫೦.

ಟೆಕ್ಸ್ಟ್‌ಬಾಕ್ಸ್‌ನಲ್ಲಿರುವುದು ಬರೀ ಅಕ್ಷರಗಳ ಸಾಲು. ನಮ್ಮ ಮೊತ್ತದ ಪ್ರಾಪರ್ಟಿ ಡೆಸಿಮಲ್. ನಡುವೆ ಪರಿವರ್ತನೆ ಮಾಡುವುದು ಬೈಂಡಿಂಗ್. ಅದು ಸೋತರೆ ಡಬ್ಬಿಗೆ ಕೆಂಪು ಗೆರೆ ಎಳೆದು, ಹಳೆಯ ಬೆಲೆಯನ್ನು ಹಾಗೇ ಬಿಡುತ್ತದೆ. ಸೇವ್ ಬಟನ್‌ಗೆ ಇದ್ಯಾವುದೂ ಗೊತ್ತಾಗಲ್ಲ. ವಿಷುಯಲ್ ಸ್ಟುಡಿಯೋದ ಔಟ್‌ಪುಟ್ ಕಿಟಕಿಯಲ್ಲಿ ದೋಷ ಸಂಖ್ಯೆ 7 ಬಿದ್ದಿತ್ತು. ನಾವು ಆ ಕಡೆ ನೋಡಿರಲೇ ಇಲ್ಲ.

ತಮಾಷೆ ಏನೆಂದರೆ, ಡಾಟ್‌ನೆಟ್‌ನ ಚಾರ್ ಡಾಟ್ ಈಸ್‌ಡಿಜಿಟ್ '೨' ಅನ್ನು ಅಂಕಿ ಅಂತಲೇ ಒಪ್ಪುತ್ತದೆ. ಡೆಸಿಮಲ್ ಪಾರ್ಸ್ ಮಾತ್ರ 0ಯಿಂದ 9ರವರೆಗಿನ ಅಂಕಿಗಳನ್ನಷ್ಟೇ ಓದುತ್ತದೆ. ಕಲ್ಚರ್ ಅನ್ನು ಕನ್ನಡಕ್ಕೆ ಬದಲಾಯಿಸಿದರೂ ಅಷ್ಟೇ. ಯೂನಿಕೋಡ್‌ನಲ್ಲಿ ೦ ಇರುವುದು 3302ರಲ್ಲಿ, ೯ ಇರುವುದು 3311ರಲ್ಲಿ. ಹಾಗಾಗಿ ಸ್ವಂತ ಕನ್ವರ್ಟರ್ ಬರೆದು, ಅದರ ಕನ್ವರ್ಟ್‌ಬ್ಯಾಕ್‌ನಲ್ಲಿ ಈ ವ್ಯಾಪ್ತಿಯ ಅಕ್ಷರ ಸಿಕ್ಕಾಗಲೆಲ್ಲ 3302 ಕಳೆದು ಮಾಮೂಲಿ ಅಂಕಿ ಮಾಡಿಕೊಂಡೆವು, ಆಮೇಲೆ ಟ್ರೈಪಾರ್ಸ್. ಅಲ್ಲಿ ಬರಿಯ ಪಾರ್ಸ್ ಬಳಸಬೇಡಿ: ನಾವೇ ಬರೆದ ಕನ್ವರ್ಟರ್ ಎಸೆದ ಎಕ್ಸೆಪ್ಶನ್ ಅನ್ನು ಬೈಂಡಿಂಗ್ ಹಿಡಿಯುವುದಿಲ್ಲ, ಇಡೀ ತಂತ್ರಾಂಶವೇ ಮಲಗುತ್ತದೆ. ಸೋತರೆ ಅನ್‌ಸೆಟ್‌ವ್ಯಾಲ್ಯೂ ಹಿಂದಿರುಗಿಸಿ. ಡಬ್ಬಿಯಲ್ಲಿ ದೋಷ ಇರುವಾಗ ಸೇವ್ ಬಟನ್ ಒತ್ತಲು ಬಿಡಬೇಡಿ.

ಕೆಂಪಾಗುವ ತಪ್ಪು ವಾಸಿ, ಕಣ್ಣಿಗಾದರೂ ಬೀಳುತ್ತೆ. ನಮ್ಮನ್ನು ನಿಜವಾಗಿ ನಾಚಿಸಿದ್ದು ದಿನಾಂಕ. ಒಬ್ಬ ಅಜ್ಜಿಯ ವಾಯಿದೆ 5/8, ಅಂದರೆ ಆಗಸ್ಟ್ 5. ನಮ್ಮ ಬಾಕಿ ಪಟ್ಟಿ ಅದನ್ನು ಮೇ 8 ಎಂದು ತೋರಿಸಿತು. ಅಂಗಡಿಯಿಂದ ಜೂನ್‌ನಲ್ಲೇ ಆಕೆಗೆ ಫೋನು ಹೋಯಿತು. ವಿಂಡೋಸ್‌ನಲ್ಲಿ ಭಾರತದ ಸೆಟ್ಟಿಂಗ್ ಇದ್ದರೂ ಡಬ್ಲ್ಯೂಪಿಎಫ್ ಬೈಂಡಿಂಗ್ ತಾನಾಗಿ ಹಿಡಿಯುವುದು ಅಮೆರಿಕದ ಇಂಗ್ಲಿಷ್, ತಿಂಗಳು ಮೊದಲು. ಓದುವುದೂ ತೋರಿಸುವುದೂ ಅದೇ ಕ್ರಮದಲ್ಲಾದ್ದರಿಂದ ಡಬ್ಬಿಯಲ್ಲಿ 5/8 ಸರಿಯಾಗೇ ಕಾಣುತ್ತಿತ್ತು. ತಂತ್ರಾಂಶ ಶುರುವಾಗುವಾಗಲೇ ಫ್ರೇಮ್‌ವರ್ಕ್‌ಎಲಿಮೆಂಟ್‌ನ ಲ್ಯಾಂಗ್ವೇಜ್ ಅನ್ನು ಈಗಿನ ಕಲ್ಚರ್‌ಗೆ ಹೊಂದಿಸಿದೆವು. ಒಂದೇ ಡಬ್ಬಿಗೆ ಬೇಕಿದ್ದರೆ ಕನ್ವರ್ಟರ್‌ಕಲ್ಚರ್ ಸಾಕು. ಪರೀಕ್ಷೆಗೆ 25/8 ಕೊಡಿ: ಅಮೆರಿಕದ ಕ್ರಮ ಇನ್ನೂ ಉಳಿದಿದ್ದರೆ ಡಬ್ಬಿ ತಕ್ಷಣ ಕೆಂಪಾಗುತ್ತದೆ.

ಹಳೆಯ ದಿನಾಂಕಗಳನ್ನು ಅಣ್ಣನ ಕೈಬರಹದ ಪುಸ್ತಕ ಇಟ್ಟುಕೊಂಡು ನಾವೇ ಒಂದೊಂದಾಗಿ ತಿದ್ದಿದೆವು. ಅಜ್ಜಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದೂ ನಾವೇ.