ಮಡಿಲಿಗೇರದ ಬೆಕ್ಕುಗಳು

ಒಲೆಯ ಬಳಿಯಲ್ಲಿ ಮಲಗಿ, ಹಾಲಿನ ಹೊತ್ತಿಗೆ ಕಾಲು ಸುತ್ತುವ ಬೆಕ್ಕನ್ನು ಅರಿಯದ ಮನೆಯು ನಮ್ಮಲ್ಲಿ ವಿರಳ. ಆದರೆ ಮನುಷ್ಯನ ನೆರಳು ಕಂಡೊಡನೆ ಓಡಿ ಅಡಗುವ ಬೆಕ್ಕುಗಳೂ ಉಂಟು. ಇಂಥವುಗಳನ್ನು ಸಾಕುವ ಬಗೆಯನ್ನೂ ಕಳಕೊಳ್ಳುವ ದುಃಖವನ್ನೂ ಈ ಪಾಠದಲ್ಲಿ ವಿಚಾರಿಸೋಣ.

ಇಟಲಿ ದೇಶದ ರೋಮ್ ನಗರದಲ್ಲಿ ಟೊರೆ ಅರ್ಜೆಂಟೀನಾ ಎಂಬ ಚೌಕವಿದೆ. 1926ರಿಂದ 1929ರ ವರೆಗೆ ಅಲ್ಲಿ ನೆಲವನ್ನು ಅಗೆಯಲಾಗಿ ನಾಲ್ಕು ಪುರಾತನ ದೇವಾಲಯಗಳ ಅವಶೇಷಗಳು ಹೊರಬಿದ್ದವು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ಕೊಲ್ಲಲ್ಪಟ್ಟ ಮಂದಿರದ ಭಾಗವೂ ಅಲ್ಲಿಯೇ ಇದೆ. ಬೀದಿಗಿಂತ ತಗ್ಗಾದ ಆ ಸ್ಥಳದಲ್ಲಿ ಬೆಕ್ಕುಗಳು ಬಿಡಾರ ಮಾಡಿದವು. ಸೀಸರನ ಚರಿತ್ರೆಯಿಂದ ಅವುಗಳಿಗೇನಾಗಬೇಕು! ನೆರೆಯ ಹೆಂಗಸರು ಅವುಗಳಿಗೆ ಆಹಾರವಿಕ್ಕುತ್ತಿದ್ದರು. 1990ರ ದಶಕದಲ್ಲಿ ಕೆಲವು ಸ್ತ್ರೀಯರು ಅಲ್ಲಿ ಆಶ್ರಯಸ್ಥಾನವನ್ನು ಕ್ರಮವಾಗಿ ನಡಿಸತೊಡಗಿದರು. 1991ರ ಇಟಲಿಯ ಕಾನೂನಿನಂತೆ ಬೀಡಾಡಿ ಬೆಕ್ಕನ್ನು ಕಠಿಣವಾದ ಅಥವಾ ಗುಣವಾಗದ ರೋಗವಿದ್ದ ಹೊರತು ಕೊಲ್ಲಕೂಡದು. ಸಂತಾನಹರಣದ ಶಸ್ತ್ರಕ್ರಿಯೆಯನ್ನು ಮಾಡಿಸಿ ತಿರಿಗಿ ಅದರ ಗುಂಪಿಗೇ ಬಿಡತಕ್ಕದ್ದು.

ಬೆಕ್ಕು ಹೀಗೆ ಅಂಜುವದು ಯಾಕೆ? ಮರಿಯು ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿದರೆ ಅವರನ್ನು ತನ್ನವರೆಂದು ಎಣಿಸುತ್ತದೆ. ಆ ಕಾಲವು ಮೀರಿದ ಮೇಲೆ ಸ್ನೇಹವು ಅಸಾಧ್ಯವಲ್ಲ, ಬಹು ನಿಧಾನ. ಬಲಾತ್ಕಾರದಿಂದ ಎತ್ತಿಕೊಳ್ಳುವದು ಪ್ರೀತಿಯೆಂದು ಮಕ್ಕಳು ತಿಳಿಯುತ್ತಾರೆ, ದೊಡ್ಡವರೂ ತಿಳಿಯುತ್ತಾರೆ. ಅಂಜುವ ಬೆಕ್ಕಿಗೆ ಮೊದಲು ಬೇಕಾದದ್ದು ಅಡಗುವ ಸ್ಥಳ. 2014ರಲ್ಲಿ ಪ್ರಕಟವಾದ ಒಂದು ಡಚ್ ಸಂಶೋಧನೆಯಲ್ಲಿ, ಆಶ್ರಯಕ್ಕೆ ಹೊಸದಾಗಿ ಬಂದ ಬೆಕ್ಕುಗಳೊಳಗೆ ಅಡಗಲು ಪೆಟ್ಟಿಗೆ ದೊರೆತವು ಮೊದಲ ದಿವಸಗಳಲ್ಲಿ ಕಡಿಮೆ ಕಳವಳಪಟ್ಟವು. ನೆಟ್ಟ ನೋಟವೂ ಸಲ್ಲದು. ಕಣ್ಣನ್ನು ಮೆಲ್ಲಗೆ ಅರೆಮುಚ್ಚಿ ತೆರೆಯುವ ಅಪರಿಚಿತರ ಕೈಯ ಬಳಿಗೆ ಬೆಕ್ಕುಗಳು ಹೆಚ್ಚಾಗಿ ಬರುತ್ತವೆಂದು 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಕಂಡರು.

ಇಷ್ಟಾದರೂ ಕೆಲವು ಎಂದಿಗೂ ಮಡಿಲಿಗೇರವು. ಇಂಥವುಗಳನ್ನು ಮನೆಗೆ ಒಯ್ಯುವವರು ಅಪರೂಪ. ಆದಕಾರಣ ರೋಮಿನ ಆಶ್ರಯದವರು ‘ದೂರದ ದತ್ತು’ ಎಂಬ ಕ್ರಮವನ್ನಿಟ್ಟಿದ್ದಾರೆ: ದೂರದಲ್ಲಿರುವವರು ಒಂದು ಬೆಕ್ಕನ್ನು ಆರಿಸಿ ಅದರ ಪೋಷಣೆಗೆ ಹಣವನ್ನು ಕಳುಹಿಸುತ್ತಾರೆ. ತಾವು ಮುಟ್ಟದಿರುವ ಪ್ರಾಣಿಯನ್ನು ತಮ್ಮದೆನ್ನುವ ಈ ಪ್ರೀತಿಯು ವಿಚಿತ್ರವೇ ಸರಿ.

ಇನ್ನು ಕಷ್ಟದ ಮಾತು. ಬೆಕ್ಕು ತನ್ನ ನೋವನ್ನು ಮರೆಮಾಡುವ ಜಾತಿ. ಮುದಿ ಬೆಕ್ಕುಗಳಿಗೆ ಮೂತ್ರಪಿಂಡದ ರೋಗವು ಸಾಮಾನ್ಯ. ಹೆಚ್ಚು ನೀರು ಕುಡಿಯುವದು, ಮೈ ಇಳಿಯುವದು ಅದರ ಲಕ್ಷಣಗಳು. ಕೈಗೆ ಸಿಕ್ಕದ ಬೆಕ್ಕಿನಲ್ಲಿ ಇದನ್ನು ತಿಳಿಯುವದು ಹೇಗೆ? ಪೋಷಕಿಯು ಪಾತ್ರೆಯನ್ನೇ ನೋಡಬೇಕು. ಎಷ್ಟು ಉಳಿಯಿತು, ಯಾರು ಊಟಕ್ಕೆ ಬರಲಿಲ್ಲ ಎಂದು ದಿನಾಲು ಎಣಿಸಬೇಕು. ವರುಷಗಟ್ಟಲೆ ಓಡುತ್ತಿದ್ದ ಬೆಕ್ಕು ಒಂದು ದಿನ ಓಡದೆ ಕುಳಿತು ತಲೆಯನ್ನು ಸವರಗೊಟ್ಟರೆ ಆಕೆಯ ಹೃದಯವು ಉಬ್ಬುವದು ಸಹಜ. ಪರಂತು ಅದು ಸ್ನೇಹವಾಗಿರದೆ, ಓಡಲು ಶಕ್ತಿಯಿಲ್ಲದಿರುವದೂ ಆಗಿರಬಹುದು. ಸಂತೋಷಪಡುತ್ತಾ ಕೂಡ್ರದೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಹಿಡಿದರೆ ಬಹುಕಾಲದಿಂದ ಗಳಿಸಿದ ನಂಬಿಕೆಯು ಮುರಿದೀತು; ಹಿಡಿಯದಿದ್ದರೆ ಪ್ರಾಣವೇ ಹೋದೀತು. ಹಿಡಿಯುವದೇ ಸರಿಯೆಂದು ನಾನು ಹೇಳುವೆನು.

ಅಂಥ ಬೆಕ್ಕು ಸತ್ತಾಗ ಸೀರೆಗೆ ಅಂಟಿದ ಒಂದು ಕೂದಲೂ ಉಳಿದಿರುವದಿಲ್ಲ. ಅಡಗುತ್ತಿದ್ದ ಪೆಟ್ಟಿಗೆಯೂ ಅದರ ಮುಂದಿನ ಪಾತ್ರೆಯೂ ಉಳಿಯುತ್ತವೆ. ಆ ಪಾತ್ರೆಯನ್ನು ತೊಳೆದು ಬೇರೆ ಬೆಕ್ಕಿಗೆ ಇಡುವದಕ್ಕೆ ಕೆಲವರಿಗೆ ಬಹಳ ದಿವಸಗಳು ಬೇಕಾಗುತ್ತವೆ.