ಮೂರು ಸೆಕೆಂಡಿನ ಅಂತರ

ದೊಡ್ಡಬಳ್ಳಾಪುರದಲ್ಲಿ ಬೆಳಗಿನ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋಗುತ್ತಾ ಮೂರು ದಶಕ ಸರ್ಕಾರಿ ನೌಕರಿ ಮಾಡಿದೆ. ಏನು ಕೆಲಸ ಅಂತ ಕೇಳಿದವರಿಗೆ ಭೂಕಂಪ ಅಳೆಯೋದು ಅನ್ನುತ್ತಿದ್ದೆ. ಅದು ಅರ್ಧ ಮಾತು. 1963ರ ಒಪ್ಪಂದ ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಅಣ್ವಸ್ತ್ರ ಪರೀಕ್ಷೆ ಬೇಡವೆಂದಿತು, ನೆಲದಡಿಯದನ್ನು ಬಿಟ್ಟಿತು. ಯಾರು ಎಲ್ಲಿ ನೆಲದೊಳಗೆ ಬಾಂಬ್ ಸಿಡಿಸಿದರೂ ತಿಳಿಯಲೆಂದು ಈಗ ಭಾಭಾ ಅಣು ಸಂಶೋಧನಾ ಕೇಂದ್ರವೆನಿಸಿರುವ ಸಂಸ್ಥೆ ಬ್ರಿಟನ್ನಿನ ಸಹಕಾರದಲ್ಲಿ 1965ರಲ್ಲಿ ಗೌರಿಬಿದನೂರಿನಲ್ಲಿ ಕಂಪನಮಾಪಕಗಳನ್ನು ಹೂಡಿತು. 'ಎಲ್' ಅಕ್ಷರದ ಆಕಾರದಲ್ಲಿ ಇಪ್ಪತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಕಾಗದದ ಮೇಲಿನ ಗೆರೆ ಥಟ್ಟನೆ ಮೇಲೆದ್ದಿತು. ಸ್ಫೋಟವಾದರೆ ನೆಲ ಮೊದಲು ಮೇಲಕ್ಕೇ ಒತ್ತುತ್ತದೆ ಅಂತ ಓದಿದ್ದೆ. ಹಿರಿಯರ ಬಳಿ ಓಡಿದೆ. ಅವರು ಮಾತಾಡದೆ ಸ್ಕೇಲ್ ಇಟ್ಟು, ಮೊದಲ ಅಲೆಗೂ ಎರಡನೆಯ ಅಲೆಗೂ ನಡುವಿನ ಜಾಗ ಅಳೆದರು. ಮೂರು ಸೆಕೆಂಡು. ಎಂಟರಿಂದ ಗುಣಿಸು ಅಂದರು. ಇಪ್ಪತ್ನಾಲ್ಕು ಕಿಲೋಮೀಟರ್. "ಕಲ್ಲು ಕ್ವಾರಿ ಕಣಪ್ಪ." ಮರುದಿನ ಬಸ್ಸಿನ ಕಿಟಕಿಯಿಂದ ಕಂಡೆ: ಹೊಸದಾಗಿ ಸೀಳಿದ ಬಂಡೆ, ಪಕ್ಕದ ರಾಗಿ ತೆನೆಗಳ ಮೇಲೆ ಬಿಳಿ ಧೂಳು.

ಅಂದಿನಿಂದ ದೊಡ್ಡ ಮಾತು ಆಡುವ ಮುನ್ನ ದೂರ ಎಣಿಸುವುದು ರೂಢಿಯಾಯಿತು. ನೆರೆಯ ಎರಡು ದೇಶಗಳ ಕೈಯಲ್ಲಿ ಅಣ್ವಸ್ತ್ರ ಇರುವಾಗ ತಪ್ಪು ಸುದ್ದಿಯೂ ಅಪಾಯವೇ. ಒಂದೇ ಮಾಪಕವನ್ನು ನಂಬಬಾರದು. ಅದರ ಪಕ್ಕದಲ್ಲಿ ಪಂಪ್‌ಸೆಟ್ ಓಡುತ್ತಿರಬಹುದು, ಎತ್ತಿನ ಗಾಡಿ ಹೋಗಿರಬಹುದು. ದೂರದಿಂದ ಬಂದ ಅಲೆಯಾದರೆ ಇಪ್ಪತ್ತನ್ನೂ ಒಂದಾದ ಮೇಲೊಂದು ಸರದಿಯಲ್ಲಿ ಮುಟ್ಟುತ್ತದೆ. ಆ ಸರದಿಯ ಅಂತರ ಸರಿಪಡಿಸಿ ಎಲ್ಲವನ್ನೂ ಕೂಡಿಸಿದರೆ ಪಂಪ್‌ಸೆಟ್ಟಿನ ಗಲಾಟೆ ಕರಗಿ, ನಿಜವಾದದ್ದು ಎದ್ದು ನಿಲ್ಲುತ್ತದೆ. ಯಾವ ದಿಕ್ಕಿನದೆಂಬುದೂ ತಿಳಿಯುತ್ತದೆ.

ನೆಲದಡಿಯ ಪರೀಕ್ಷೆಯೂ ಬೇಡವೆನ್ನುವ 1996ರ ಸಮಗ್ರ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಕಬೇಕೋ ಬೇಡವೋ ಹೇಳಲು ನಾನು ಯಾರೂ ಅಲ್ಲ. ಆದರೆ ಕದ್ದು ಸಿಡಿಸಿದರೆ ಸಿಕ್ಕಿಬೀಳುತ್ತೇವೆಂಬ ಅಳುಕು ಯಾವುದೇ ಸರ್ಕಾರಕ್ಕೆ ಇರುವುದು ಹೊಲದ ನಡುವೆ ಮಾಪಕ ಹೂಡಿದ ಇಂಥ ಗುಂಡಿಗಳಿಂದಲೇ ಎಂದು ನಂಬಿದ್ದೇನೆ.

1998ರ ಮೇ 28ರ ಮಧ್ಯಾಹ್ನ ಪಾಕಿಸ್ತಾನದ ಚಾಗೈ ಜಿಲ್ಲೆಯ ಬೆಟ್ಟದಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಯ ಅಲೆ ಎರಡು ಸಾವಿರ ಕಿಲೋಮೀಟರ್ ದಾಟಿ ನಮ್ಮ ನೆಲ ಮುಟ್ಟಲು ಹಿಡಿದದ್ದು ಸುಮಾರು ನಾಲ್ಕೂವರೆ ನಿಮಿಷ. ಭೂಕಂಪವಾದರೆ ಹಿಂದಿನಿಂದ ನಿಧಾನವಾದ, ದೊಡ್ಡ ಮೇಲ್ಮೈ ಅಲೆ ಬರುತ್ತದೆ. ಸ್ಫೋಟದಲ್ಲಿ ಅದು ಕ್ಷೀಣ. ಅದಕ್ಕೆ ಇನ್ನೂ ಏಳೆಂಟು ನಿಮಿಷ ಕಾಯಬೇಕು. ಅಷ್ಟು ಹೊತ್ತೂ ಯಾರೂ ಬಾಯಿ ಬಿಡಲಿಲ್ಲ. ನಾನು ಸ್ಕೇಲ್ ಹಿಡಿದು ನಿಂತಿದ್ದೆ.