ಎಕ್ಸ್‌ರೇ ಸರಿಯಿದೆ, ಗಾಯ ಮಾತ್ರ ಮಾಯುತ್ತಿಲ್ಲ

ಪ್ರಶ್ನೆ: ಅಪ್ಪನಿಗೆ 64 ವರ್ಷ, ಬಹುಕಾಲದಿಂದ ಶುಗರ್ ಇದೆ. ಬೆಳ್ತಂಗಡಿ ಕಡೆ ನಮ್ಮ ಅಡಿಕೆ ತೋಟ. ಅವರು ತೋಟಕ್ಕೆ ಬರಿಗಾಲಲ್ಲೇ ಹೋಗುವುದು. ಹೆಬ್ಬೆರಳಿನ ಅಡಿಯ ಆಣಿ ಒಡೆದು ಗಾಯವಾಗಿ ಎರಡು ತಿಂಗಳಾಯಿತು. ಬೆರಳು ಕೆಂಪಗೆ ಬಾತಿದೆ, ನೋವಿಲ್ಲ ಅಂತಾರೆ. ಮೊದಲ ವಾರವೇ ಬಂಟ್ವಾಳದಲ್ಲಿ ಎಕ್ಸ್‌ರೇ ತೆಗೆಸಿದ್ದೆವು, ಮೂಳೆಗೆ ಏನೂ ಆಗಿಲ್ಲ ಎಂದರು. ಮತ್ತೊಮ್ಮೆ ತೋರಿಸೋಣ ಎಂದು ಮೂಡುಬಿದಿರೆಯ ಅಕ್ಕ ಹೇಳುತ್ತಾಳೆ. ‘ದೊಡ್ಡಾಸ್ಪತ್ರೆಗೆ ಹೋದರೆ ಕಾಲು ಕತ್ತರಿಸ್ತಾರೆ’ ಎಂದು ಅಪ್ಪನ ಹಠ. ಏನು ಮಾಡಲಿ?
– ಹೆಸರು ಬೇಡ, ಬೆಳ್ತಂಗಡಿ

ಉತ್ತರ: ನಿಮ್ಮ ಅಕ್ಕನ ಮಾತು ಕೇಳಿ, ಈ ವಾರವೇ ಹೊರಡಿ.

ನೋವಿಲ್ಲ ಎಂದು ಸಮಾಧಾನಪಡಬೇಡಿ. ಶುಗರ್ ಹಳತಾದಂತೆ ಪಾದದ ನರಗಳು ಮರಗಟ್ಟುತ್ತವೆ. ಸೋಂಕು ಮೂಳೆಗೆ ಇಳಿದರೂ ಕೆಲವರಿಗೆ ನೋವೂ ಇರುವುದಿಲ್ಲ, ಜ್ವರವೂ ಬರುವುದಿಲ್ಲ. ಮೂಳೆ ಹಾಳಾದದ್ದು ಎಕ್ಸ್‌ರೇಯಲ್ಲಿ ಕಾಣಲು ಎರಡು–ಮೂರು ವಾರವಾದರೂ ಬೇಕು. ಹಾಗಾಗಿ ಮೊದಲ ವಾರದ ಎಕ್ಸ್‌ರೇಯನ್ನು ಈಗ ನೆಚ್ಚಿಕೊಳ್ಳುವಂತಿಲ್ಲ.

ಮೊದಲ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಗಾಯ ಶುಚಿ ಮಾಡಿ, ಮೊಂಡು ತುದಿಯ ಸ್ಟೆರೈಲ್ ಉಕ್ಕಿನ ಕಡ್ಡಿಯನ್ನು ಡಾಕ್ಟರು ಮೆಲ್ಲಗೆ ಒಳಗೆ ಬಿಡುತ್ತಾರೆ. ಅದಕ್ಕೆ ಗಟ್ಟಿಯಾಗಿ ಮೂಳೆ ತಾಗಿದರೆ ಸಂಶಯ ಬಲವಾಗುತ್ತದೆ. (ಮನೆಯಲ್ಲಿ ಪಿನ್ನು, ಕಡ್ಡಿ ಹಾಕಿ ನೋಡಲೇಬೇಡಿ.) ಜೊತೆಗೆ ರಕ್ತದಲ್ಲಿ ಇ.ಎಸ್.ಆರ್., ಸಿ.ಆರ್.ಪಿ. ನೋಡುತ್ತಾರೆ, ಇ.ಎಸ್.ಆರ್. 70 ದಾಟಿದ್ದರೆ ಸಂಶಯ ಇನ್ನಷ್ಟು ಹೆಚ್ಚು. ಎಕ್ಸ್‌ರೇ ಮತ್ತೆ ತೆಗೆಸಬೇಕು. ಇಷ್ಟಾಗಿಯೂ ಸ್ಪಷ್ಟವಾಗದಿದ್ದರೆ ಎಂ.ಆರ್.ಐ. ಗಾಯದ ಮೇಲಿನ ಕೀವನ್ನು ಹತ್ತಿಯಲ್ಲಿ ಒರೆಸಿ ಕಳಿಸಿದರೆ ಚರ್ಮದ ಮೇಲಿನ ರೋಗಾಣುಗಳೂ ಸೇರಿ ದಾರಿ ತಪ್ಪಿಸುತ್ತವೆ. ಯಾವ ರೋಗಾಣು ಎಂದು ಖಚಿತವಾಗಬೇಕಾದರೆ ಮೂಳೆಯದೇ ಚೂರು ತೆಗೆದು ಪರೀಕ್ಷಿಸಬೇಕು. ಕಾಲಿನ ರಕ್ತಸಂಚಾರವನ್ನೂ ನೋಡಲು ಕೇಳಿ. ರಕ್ತ ಹರಿಯದಿದ್ದರೆ ಔಷಧ ಕೊಟ್ಟರೂ ಗಾಯ ಮಾಯುವುದಿಲ್ಲ.

ಅಪ್ಪನಿಗೆ ಹೀಗೆ ಹೇಳಿ: ಬೇಗ ಗೊತ್ತಾದರೆ ಕೆಲವರಿಗೆ ಸುಮಾರು ಆರು ವಾರದ ಆಂಟಿಬಯೋಟಿಕ್‌ನಲ್ಲೇ ಗುಣವಾಗುತ್ತದೆ, ಕೆಲವರಿಗೆ ಕೆಟ್ಟ ಮೂಳೆಯ ಚೂರನ್ನಷ್ಟೇ ತೆಗೆದರೆ ಸಾಕಾಗುತ್ತದೆ. ಕಾಲು ಹೋಗುವ ಅಪಾಯ ಹೆಚ್ಚುವುದು ತಡ ಮಾಡಿದಷ್ಟೂ.

ಮೊದಲು ತಾಲೂಕು ಆಸ್ಪತ್ರೆಯ ಸರ್ಜನ್‌ಗೆ ತೋರಿಸಿ. ಅಗತ್ಯವಿದ್ದರೆ ಮಂಗಳೂರಿನ ವೆನ್ಲಾಕ್‌ಗೆ ಅಲ್ಲಿಂದಲೇ ರೆಫರಲ್ ಚೀಟಿ ಬರೆಸಿಕೊಳ್ಳಿ. ಬಿ.ಪಿ.ಎಲ್. ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೇಷನ್ ಕಾರ್ಡು, ಆಧಾರ್, ಹಳೆಯ ಎಕ್ಸ್‌ರೇ, ಇದುವರೆಗೆ ನುಂಗಿದ ಮಾತ್ರೆಗಳ ಖಾಲಿ ಹಾಳೆ ಎಲ್ಲವೂ ಕೈಯಲ್ಲಿರಲಿ.

ಅಲ್ಲಿಯವರೆಗೆ ತೋಟದ ಕೆಲಸ ಬೇಡ, ಆ ಕಾಲಿಗೆ ಭಾರ ಬೀಳದಿರಲಿ. ಬಿಸಿನೀರಲ್ಲಿ ಕಾಲು ಮುಳುಗಿಸುವುದು, ಸೊಪ್ಪು ಅರೆದು ಕಟ್ಟುವುದು ಬೇಡ. ಚಳಿಜ್ವರ ಬಂದರೆ, ಕೆಂಪು ಮೇಲಕ್ಕೆ ಹಬ್ಬಿದರೆ, ಬೆರಳು ಕಪ್ಪಾದರೆ, ಗಾಯ ನಾರಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.